ಫೋಮ್ ಮಿಡತೆ, ಜೀರುಂಡೆ, ಇರುವೆ: ಟ್ರೌಟ್ ಡ್ರೈ ಫ್ಲೈ ಡಬ್ಬಿ, ಬಹಳ ದಿನ ಬಳಸಿದ ಮೇಲೆ

ನಮ್ಮ ಗಂಗಾವತಿ ಕಡೆ ಟ್ರೌಟ್ ಮೀನು ಇಲ್ಲ. ಆ ಮೀನಿಗೆ ವರ್ಷವಿಡೀ ತಣ್ಣಗಿರುವ ನೀರೇ ಬೇಕು. ಹಾಗಾಗಿ ಆನ್‌ಲೈನ್‌ನಲ್ಲಿ ತರಿಸಿದ ಈ ಡ್ರೈ ಫ್ಲೈ (ಕೊಕ್ಕೆಗೆ ಹುಳುವಿನಂತೆ ಕಟ್ಟಿದ, ನೀರಿನ ಮೇಲೆ ತೇಲುವ ಆಮಿಷ) ಡಬ್ಬಿಗೆ ನಿಜವಾದ ಕೆಲಸ ಹಿಮಾಚಲದ ತೀರ್ಥನ್ ನದಿಯಲ್ಲಿ. ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ, ನವೆಂಬರ್‌ನಲ್ಲಿ ಟ್ರೌಟ್ ಹಿಡಿಯೋದು ಬಂದ್ ಆಗುವ ಮೊದಲು ಹೋಗುತ್ತೇನೆ. ಲೈಸೆನ್ಸ್ ಅಲ್ಲಿನ ಮೀನುಗಾರಿಕೆ ಇಲಾಖೆಯದು.

ಡಬ್ಬಿಯಲ್ಲಿ ನನಗೆ ಅಚ್ಚುಮೆಚ್ಚು ಮಿಡತೆ. ಮೈ ಫೋಮ್, ಕಾಲು ರಬ್ಬರ್, ಕೊಕ್ಕೆ 10ನೇ ನಂಬರ್. ಭತ್ತದ ಗದ್ದೆಯ ಬದುವಿನ ಮೇಲೆ ನಡೆಯುವಾಗ ಮಿಡತೆ ಹಾರಿ ಕಾಲುವೆಗೆ ಬೀಳೋದು ನೋಡಿರುತ್ತೀರಿ, ಅಲ್ವಾ? ಮೆಲ್ಲಗೆ ಇಳಿಯಲ್ಲ, ಟಪ್ ಅಂತ ಬೀಳುತ್ತದೆ. ಒಂದು ಕ್ಷಣ ಸುಮ್ನಿರುತ್ತದೆ. ಆಮೇಲೆ ಹಿಂಗಾಲು ಝಾಡಿಸುತ್ತದೆ, ಮತ್ತೆ ಸುಮ್ನಾಗುತ್ತದೆ. ಈ ಫ್ಲೈ ಕೈಲೂ ಅದನ್ನೇ ಮಾಡಿಸಬೇಕು. ದಡದ ಹುಲ್ಲಿನಿಂದ ಗೇಣು ದೂರದಲ್ಲಿ ಟಪ್ ಅಂತ ಬೀಳಿಸಿ, ರಾಡ್ ತುದಿ ತುಸು ಅಲುಗಿಸಿ. ಮಧ್ಯಾಹ್ನ ಗಾಳಿ ಎದ್ದು ಹುಲ್ಲಿನ ಹುಳು ನೀರಿಗೆ ಉದುರುವ ಹೊತ್ತಿಗೆ ಬ್ರೌನ್ ಟ್ರೌಟ್ ದಡದ ಪಕ್ಕದಲ್ಲೇ ಕಾಯುತ್ತಿರುತ್ತದೆ. ನದಿ ನಡುವೆ ಎಸೆದವರಿಗಿಂತ ಜಾಸ್ತಿ ಮೀನು ನನಗೆ ಸಿಕ್ಕಿದ್ದು ಇದರಿಂದಲೇ.

ಬಾಳಿಕೆ ಚೆನ್ನಾಗಿದೆ. ಫೋಮ್ ನೀರು ಕುಡಿಯಲ್ಲ. ಮೀನು ಕಚ್ಚಿದ ಮೇಲೂ ಒರೆಸಿ ಎರಡು ಸಲ ಗಾಳಿಯಲ್ಲಿ ಬೀಸಿದರೆ ಮತ್ತೆ ತೇಲುತ್ತದೆ. ದೂರು ಒಂದಿದೆ: ಕೆಲವು ಮೀನು ಹಿಡಿದ ಮೇಲೆ ಫೋಮ್ ಕೊಕ್ಕೆಯ ಸುತ್ತ ತಿರುಗಿ ಮಿಡತೆ ಮಗ್ಗುಲಾಗುತ್ತದೆ. ದಾರ ಸುತ್ತಿದ ಕಡೆ ಒಂದು ಹನಿ ಫೆವಿಕ್ವಿಕ್ ಬಿಟ್ಟರೆ ಸರಿಹೋಗುತ್ತದೆ. ಇದನ್ನು ತಯಾರಿಸುವವರೇ ಮಾಡಬೇಕಿತ್ತು. ಇನ್ನೊಂದು ಮಾತು, ನಮ್ಮೂರಿನ ಏಪ್ರಿಲ್ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಡಬ್ಬಿ ಬಿಡಬೇಡಿ. ರಬ್ಬರ್ ಕಾಲುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಜೀರುಂಡೆ ಪರವಾಗಿಲ್ಲ. ಕಪ್ಪು ಮೈ, ನೀರಿಗೆ ಅಂಟಿಕೊಂಡೇ ತೇಲುತ್ತದೆ, ಸಂಜೆ ಕಣ್ಣಿಗೆ ಕಾಣಲ್ಲ. ಬೆನ್ನಿಗೆ ಕಿತ್ತಳೆ ಬಣ್ಣದ ಚೂರು ಫೋಮ್ ಅಂಟಿಸಿಕೊಂಡೆ. 18ನೇ ನಂಬರಿನ ಇರುವೆ ಮಾತ್ರ ಚಿನ್ನ (ನಂಬರ್ ಹೆಚ್ಚಾದಷ್ಟು ಕೊಕ್ಕೆ ಚಿಕ್ಕದು). ನೀರು ಸಣ್ಣದಾಗಿ, ಕನ್ನಡಿಯಂತಿದ್ದು, ಮಿಡತೆ ನೋಡಿ ಮೀನು ಹೆದರಿ ಓಡುವಾಗ ಇದನ್ನು ದಾರದ ತುದಿಯ ತೆಳು ಎಳೆಯಾದ 6ಎಕ್ಸ್ ಟಿಪ್ಪೆಟ್‌ಗೆ ಕಟ್ಟಿ. ಮಿಡತೆಗೆ ಅಷ್ಟು ತೆಳು ದಾರ ಬೇಡ, ತಿರುಚಿಕೊಳ್ಳುತ್ತದೆ, ಅದಕ್ಕಿಂತ ದಪ್ಪನೆಯ 4ಎಕ್ಸ್ ಸರಿ.

ಕೊಕ್ಕೆಗಳ ತುದಿಗೆಲ್ಲ ಹಿಂದಕ್ಕೆ ಚಾಚಿದ ಮುಳ್ಳಿದೆ. ಹಿಡಿದ ಮೀನು ಬಿಡುವವರು ಇಕ್ಕಳದಿಂದ ಅದನ್ನು ಒತ್ತಿ ಚಪ್ಪಟೆ ಮಾಡಿಬಿಡಿ.

ಕೈ ಪಳಗಿಸಲು ಸಂಬಂಧಿಕರ ಕೃಷಿ ಹೊಂಡದಲ್ಲಿ ಕೊಕ್ಕೆ ಕತ್ತರಿಸಿದ ಮಿಡತೆ ಎಸೆಯುತ್ತೇನೆ. ಹೊಳೆಗೆ ಹೋಗಲ್ಲ. ಮುದ್ಲಾಪುರದಿಂದ ಕಂಪ್ಲಿವರೆಗಿನ ತುಂಗಭದ್ರೆ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು. ಅಲ್ಲಿನ ಮೀನು ನೀರುನಾಯಿಗೇ ಇರಲಿ.

ಮುಂದಿನ ಸಲ ಇಡೀ ಡಬ್ಬಿ ತರಿಸಲ್ಲ. ಮಿಡತೆ ಮತ್ತು ಇರುವೆ ಬಿಡಿಯಾಗಿ ತರಿಸುತ್ತೇನೆ. ಐದಕ್ಕೆ ನಾಲ್ಕು ಸ್ಟಾರ್.