‘ಫಸ್ಟ್ ಕಾಪಿ’ ಸಬ್‌ಮರೀನರ್: ಹಿಂದಿನ ಮುಚ್ಚಳ ತೆಗೆದ ಮೇಲೆ

ಆರೂವರೆ ಸಾವಿರಕ್ಕೆ ರೋಲೆಕ್ಸ್ ಕಂಪನಿಯ ಡೈವಿಂಗ್ ವಾಚು ಸಬ್‌ಮರೀನರ್. ಅಸಲಿಯಲ್ಲ, ‘ಫಸ್ಟ್ ಕಾಪಿ’, ಅಂದರೆ ಅಸಲಿಯಂತೆ ಕಾಣುವ ನಕಲಿ. ‘7ಎ ಕ್ವಾಲಿಟಿ, ಕಸ್ಟಮ್ಸ್ ಮಾಲು’ ಅಂತ ಹೇಳಿ ವಾಟ್ಸಾಪ್‌ನಲ್ಲಿ ಮಾರಿದ್ದಾರೆ. ಮದುವೆಯಲ್ಲಿ ಅಳಿಯನಿಗೆ ಕೊಡಲು ತರಿಸಿದ್ದ ಹಿರಿಯರೊಬ್ಬರು, ನಿಂತುಹೋಗಿದೆ ಅಂತ ನನ್ನ ಅಂಗಡಿಗೆ ತಂದರು. ವಾಚು ರಿಪೇರಿ ನನ್ನ ಕಸುಬು. ಬಿಚ್ಚಿದಾಗ ಕಂಡದ್ದನ್ನೇ ಬರೆಯುತ್ತಿದ್ದೇನೆ.

ಕೈಯಲ್ಲಿ ಹಿಡಿದರೆ ತೂಕ ಚೆನ್ನಾಗಿದೆ. ದೂರಕ್ಕೆ ಡಯಲ್ ಕೂಡ ಸರಿಯಾಗೇ ಕಾಣುತ್ತದೆ. ಲೂಪ್ (ಕಣ್ಣಿಗೆ ಹಾಕುವ ಭೂತಗನ್ನಡಿ) ಹಾಕಿದರೆ ಅಕ್ಷರಗಳ ಅಂಚಿನಲ್ಲಿ ಬಣ್ಣ ಹರಡಿದೆ. ಅಸಲಿಯಲ್ಲಿ ತಾರೀಖಿನ ಮೇಲಿನ ಗಾಜು ಅಂಕಿಯನ್ನು ಎರಡೂವರೆ ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. ಇಲ್ಲಿ ಅಂಕಿ ಸಣ್ಣದು, ಎಡಕ್ಕೆ ಬೇರೆ ವಾಲಿದೆ. ಬೆಜೆಲ್ ಎರಡೂ ಕಡೆ ತಿರುಗುತ್ತದೆ. ನೀರಿಗಿಳಿದವರು ಎಷ್ಟು ಹೊತ್ತಾಯಿತು ಅಂತ ಲೆಕ್ಕ ಇಡುವ ಉಂಗುರ ಅದು. ಕೈ ತಗುಲಿ ಹಿಂದೆ ಸರಿಯಬಾರದು ಅಂತಲೇ ಅಸಲಿಯಲ್ಲಿ ಒಂದೇ ಕಡೆ ತಿರುಗುತ್ತದೆ.

ಮುಚ್ಚಳ ತೆಗೆದಾಗ ನಿಜಕ್ಕೂ ಬೇಸರವಾಯಿತು. ಕೇಸಿಗಿಂತ ಸಣ್ಣ ಮೆಷಿನ್. ಅದು ಅಲುಗಾಡದಿರಲಿ ಅಂತ ಸುತ್ತ ಬಿಳಿ ಪ್ಲಾಸ್ಟಿಕ್ ಉಂಗುರ ತುರುಕಿದ್ದಾರೆ. ಕೈ ಆಡಿದಂತೆ ತಿರುಗಿ ವಾಚಿಗೆ ಚಾವಿ ಕೊಡುವ ರೋಟರ್‌ನ ಸ್ಕ್ರೂ ಸಡಿಲವಾಗಿ, ರೋಟರ್ ಮುಚ್ಚಳಕ್ಕೆ ಉಜ್ಜಿ, ಲೋಹದ ಪುಡಿ ಚಕ್ರಗಳ ಮಧ್ಯೆ ಸೇರಿದೆ. ಪಕ್ಕದ ಕೀ ಹತ್ತಿರ ನೀರು ತಡೆಯುವ ರಬ್ಬರ್ ವಾಷರ್ರೇ ಇಲ್ಲ. ಡಯಲ್ ಮೇಲೆ ಮಾತ್ರ, ಅಷ್ಟು ಆಳದ ನೀರನ್ನೂ ತಡೆಯುತ್ತದೆ ಅನ್ನುವಂತೆ, 300 ಮೀಟರ್ ಅಂತ ಅಚ್ಚು! ಕೈ ತೊಳೆಯುವ ನೀರೇ ಒಳಗೆ ಹೋಗಿ ತಾರೀಖಿನ ಚಕ್ರದ ಕೆಳಗೆ ತುಕ್ಕು ಹಿಡಿದಿದೆ. ಚೀನಾ ಮೆಷಿನ್ ಅಂದ ಮಾತ್ರಕ್ಕೆ ಕೆಟ್ಟದ್ದು ಅಂತಲ್ಲ. ಅಲ್ಲಿನ ಸೀಗಲ್ ಕಂಪನಿಯ ಮೆಷಿನ್‌ಗಳನ್ನು ನಾನು ಖುಷಿಯಿಂದ ರಿಪೇರಿ ಮಾಡುತ್ತೇನೆ. ಇದರ ಮೇಲೆ ಮಾಡಿದವರ ಹೆಸರೇ ಇಲ್ಲ.

ಹೆಸರಿಲ್ಲದಿದ್ದರೆ ಕೇಳುವುದು ಯಾರನ್ನು? ಮಾರಿದವರು ನಂಬರ್ ಬ್ಲಾಕ್ ಮಾಡಿದ್ದಾರೆ. ಬಿಲ್ಲಿಲ್ಲ, ವಾಪಸಿಲ್ಲ. ರೋಲೆಕ್ಸ್ ಸರ್ವಿಸ್‌ನವರು ನಕಲಿಯನ್ನು ಮುಟ್ಟುವುದಿಲ್ಲ. ಆ ಕಂಪನಿ ಹೊಸ ವಾಚನ್ನು ಅಧಿಕೃತ ಡೀಲರ್‌ಗಳ ಮೂಲಕವೇ ಕೊಡುತ್ತದೆ, ಆನ್‌ಲೈನ್‌ನಲ್ಲಿ ಮಾರುವುದೇ ಇಲ್ಲ. ನಕಲಿ ಹೆಸರು ಹಾಕಿ ಮಾರುವವರಿಗೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲಿದೆ. ಆದರೂ ಜಾಹೀರಾತು ರಾಜಾರೋಷವಾಗಿ ಬರುತ್ತಲೇ ಇದೆ, ಅಲ್ವಾ?

ನನಗೆ ಜಾಸ್ತಿ ಭಯ ಇರುವುದು ‘ಸೆಕೆಂಡ್ ಹ್ಯಾಂಡ್ ಒರಿಜಿನಲ್’ ಅಂತ ಲಕ್ಷಗಟ್ಟಲೆಗೆ ಮಾರುವ ನಕಲಿಗಳ ಬಗ್ಗೆ. ಅಸಲಿಯಲ್ಲಿ ಸೆಕೆಂಡ್ ಮುಳ್ಳು ಸೆಕೆಂಡಿಗೆ ಎಂಟು ಹೆಜ್ಜೆ ಇಡುತ್ತದೆ, ಅಗ್ಗದ ನಕಲಿಯಲ್ಲಿ ಸಾಮಾನ್ಯವಾಗಿ ಆರು. ಒಳ್ಳೆಯ ನಕಲಿಗಳು ಅದನ್ನೂ ಕಲಿತಿವೆ. ಡಬ್ಬಿ, ವಾರಂಟಿ ಕಾರ್ಡು ಕೂಡ ನಕಲಿ ಸಿಗುತ್ತವೆ. ಫೋಟೋ ನೋಡಿ ಸುಮ್ನೆ ದುಡ್ಡು ಹಾಕಬೇಡಿ. ಗೊತ್ತಿರುವವರ ಎದುರು ಮುಚ್ಚಳ ತೆಗೆಸಿ. ಮಾರುವವರು ಅದಕ್ಕೆ ಒಪ್ಪದಿದ್ದರೆ ಎದ್ದು ಬನ್ನಿ.

ಆ ಹಿರಿಯರ ವಾಚಿಗೆ ಹೊಸ ಮೆಷಿನ್ ಹಾಕಿಕೊಡಲು ನಾನು ಒಪ್ಪಲಿಲ್ಲ. ಅದೇ ದುಡ್ಡಿಗೆ ಬಿಲ್ಲು, ವಾರಂಟಿ ಸಮೇತ ಒಳ್ಳೆಯ ಟೈಟನ್ ಬರುತ್ತದೆ ಅಂದೆ. ಚಾವಿ ಕೊಡುವ ವಾಚೇ ಬೇಕಾದರೆ ಹಳೇ ಎಚ್‌ಎಂಟಿ ಜನತಾ ಇದೆ, ಅದರ ಬಿಡಿಭಾಗ ನನ್ನ ಡಬ್ಬಿಯಲ್ಲೇ ಇವೆ. ಅದನ್ನೂ ಆನ್‌ಲೈನ್‌ನಲ್ಲಿ ಕೊಳ್ಳುವಾಗ ಡಯಲ್ ಹೊಸದಾಗಿ ಅಚ್ಚು ಹಾಕಿದ್ದೋ ಏನೋ ಅಂತ ನೋಡಿಕೊಳ್ಳಿ. ಹಾಗೆ ಮಾಡಿ ಮಾರುವವರು ಬಹಳ ಜನ ಇದ್ದಾರೆ.