ಗೇಮಿಂಗ್ ಪಿಸಿಗೆ ಲಿನಕ್ಸ್: ಎರಡು ತಿಂಗಳ ಅನುಭವ

2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತಲ್ಲ, ಹಾಗಾಗಿ ಸುಮ್ನೆ ಒಂದು ಕೈ ನೋಡೋಣ ಅಂತ ಹಳೇ ಪಿಸಿಗೆ ಲಿನಕ್ಸ್ (ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್) ಹಾಕಿದೆ. ಇಷ್ಟು ಚೆನ್ನಾಗಿರುತ್ತದೆ ಅಂದುಕೊಂಡಿರಲಿಲ್ಲ. ಸ್ಟೀಮ್ ಎಂಬ ಆಟಗಳ ಆನ್‌ಲೈನ್ ಅಂಗಡಿ ನಡೆಸುವ ವಾಲ್ವ್ ಕಂಪನಿ 2018ರಲ್ಲಿ ತಂದ, ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ಇದೆಯಲ್ಲ, ಅದು ಆಟಗಳ ಗ್ರಾಫಿಕ್ಸ್‌ಗೆ ವಿಂಡೋಸ್‌ನಲ್ಲಿರುವ ಡೈರೆಕ್ಟ್‌ಎಕ್ಸ್ ಕರೆಗಳನ್ನು ಲಿನಕ್ಸ್‌ಗೂ ಅರ್ಥವಾಗುವ ವಲ್ಕನ್‌ಗೆ ಬದಲಿಸಿ ಕೊಡುತ್ತದೆ, ಹಾಗಾಗಿ ಸ್ಟೀಮ್‌ನಲ್ಲಿ ನಾನು ಒಬ್ಬನೇ ಆಡುವ ಆಟಗಳೆಲ್ಲ ಇನ್‌ಸ್ಟಾಲ್ ಒತ್ತಿದರೆ ಸಾಕು, ಓಡುತ್ತವೆ.

ತಲೆನೋವು ಆನ್‌ಲೈನ್ ಆಟಗಳದ್ದು. ವ್ಯಾಲೊರಂಟ್, ಫೋರ್ಟ್‌ನೈಟ್ ಇಲ್ಲಿ ಓಡುವುದೇ ಇಲ್ಲ, ಅವುಗಳ ಆಂಟಿ-ಚೀಟ್ (ಮೋಸದಾಟ ತಡೆಯುವ ಸಾಫ್ಟ್‌ವೇರ್) ಬಿಡುವುದಿಲ್ಲ. ದಿನಾ ಅವನ್ನೇ ಆಡುವವರು ಜಾಸ್ತಿ ಯೋಚಿಸದೆ ವಿಂಡೋಸ್ 11 ಇಟ್ಟುಕೊಳ್ಳಿ. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್‌ಗೆ ಡ್ರೈವರ್ ಬೇರೆ ಹಾಕಬೇಕಾಗಬಹುದು, ಎಎಮ್‌ಡಿಯದ್ದು ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇರುತ್ತದೆ, ಆ ರಗಳೆ ಇಲ್ಲ. ನಾನಂತೂ ಇನ್ನೊಂದು ಎಸ್‌ಎಸ್‌ಡಿಯಲ್ಲಿ ವಿಂಡೋಸ್ ಉಳಿಸಿಕೊಂಡಿದ್ದೇನೆ. ಅದನ್ನು ತೆರೆದು ಮೂರು ವಾರವಾಯ್ತು.