ಒಂದೇ ಒಂದು ದಪ್ಪ ಕಾದಂಬರಿ ಕೊಳ್ಳುವುದಾದರೆ: ಮದುಮಗಳೋ, ಹೆಗ್ಗಡಿತಿಯೋ, ಪರ್ವವೋ

‘ಈಚೆಗೆ ಏನು ಓದಿದ್ರಿ, ನಂಗೂ ಒಂದು ಒಳ್ಳೆ ದೊಡ್ಡ ಕಾದಂಬರಿ ಹೇಳಿ’ ಎಂದು ಯಾರು ಕೇಳಿದರೂ ನನ್ನ ಉತ್ತರ ಒಂದೇ: ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. ಈ ಸಲ ಅದನ್ನೂ ‘ಕಾನೂರು ಹೆಗ್ಗಡಿತಿ’ಯನ್ನೂ ಭೈರಪ್ಪನವರ ‘ಪರ್ವ’ವನ್ನೂ ಒಂದರ ಬೆನ್ನಿಗೆ ಒಂದು ಮತ್ತೆ ಓದಿದೆ. ಉತ್ತರ ಬದಲಾಗಲಿಲ್ಲ. ಆದರೆ ಪುಸ್ತಕದ ಹೆಸರು ಹೇಳಿ ಸುಮ್ಮನಾದರೆ ಸಾಲದು ಅನ್ನುವುದು ಈಗ ಗಟ್ಟಿಯಾಗಿದೆ. ಮದುಮಗಳನ್ನು ಕೊಂಡವರಲ್ಲಿ ಬಹಳ ಜನ ಮೊದಲ ನೂರು ಪುಟದೊಳಗೇ ಕೈಬಿಡುತ್ತಾರೆ. ಎಲ್ಲಿ, ಯಾಕೆ ಬಿಡುತ್ತಾರೆ ಅನ್ನುವುದೂ ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ.

ಕಾದಂಬರಿಯನ್ನೇ ಓದಿ ಅಭ್ಯಾಸವಿಲ್ಲದವರಿಗೆ ಈ ಮೂರೂ ಬೇಡ. ತೇಜಸ್ವಿಯವರ ‘ಕರ್ವಾಲೊ’ (1980) ಕೊಡಿ. ಮಂದಣ್ಣ, ಬಿರ್ಯಾನಿ ಕರಿಯಪ್ಪ ನಗಿಸುತ್ತಾರೆ, ಹಾರುವ ಓತಿ ಕೊನೆತನಕ ಎಳೆದುಕೊಂಡು ಹೋಗುತ್ತದೆ, ಮತ್ತೇನೂ ಹೇಳಿಕೊಡಬೇಕಿಲ್ಲ. ಮುಂದಿನ ಮಾತೆಲ್ಲ ಅದನ್ನು ದಾಟಿ ಬಂದವರಿಗೆ.

ಮೊದಲು ಮದುಮಗಳ ತೊಡಕು. ಅದು ಭಾಷೆಯದು ಎಂದು ಹೆಚ್ಚಿನವರು ತಿಳಿದುಕೊಂಡಿದ್ದಾರೆ. ಕಾನು, ಹಕ್ಕಲು, ಸರಲು ಎಂಬ ಮಲೆನಾಡಿನ ಮಾತು ನಾಲ್ಕು ಸಲ ಕಣ್ಣಿಗೆ ಬಿದ್ದರೆ ತಾನಾಗಿ ಅರ್ಥವಾಗುತ್ತದೆ, ಅದಕ್ಕೆ ನಿಘಂಟು ಬೇಕಿಲ್ಲ. ಜನರನ್ನು ಸೋಲಿಸುವುದು ಮನೆಗಳು. ಸಿಂಬಾವಿ, ಹಳೆಮನೆ, ಕೋಣೂರು, ಬೆಟ್ಟಳ್ಳಿ, ಹೂವಳ್ಳಿ, ಮೇಗರವಳ್ಳಿ ಹೀಗೆ ಒಂದಾದಮೇಲೊಂದು ಬರುತ್ತವೆ. ಪ್ರತಿ ಮನೆಗೂ ಒಬ್ಬ ಒಡೆಯ, ಅವನ ಹೆಂಡಿರು ಮಕ್ಕಳು, ಕೇರಿಯ ಆಳುಗಳು, ಘಟ್ಟದ ಕೆಳಗಿನಿಂದ ಬಂದ ಕೂಲಿಗಳು. ಇಷ್ಟೂ ಜನರಲ್ಲಿ ನಾಯಕ ಯಾರು ಎಂದು ಹುಡುಕುತ್ತ ಕೂತರೆ ಕೆಟ್ಟಿರಿ. ಇಲ್ಲಿ ಯಾರೂ ಮುಖ್ಯರಲ್ಲ, ಅಮುಖ್ಯರೂ ಅಲ್ಲ ಎಂದು ಕುವೆಂಪು ಮೊದಲೇ ಬರೆದಿಟ್ಟಿದ್ದಾರೆ. ಅದನ್ನು ಅಲಂಕಾರದ ಮಾತೆಂದು ದಾಟಿಹೋಗುತ್ತೇವೆ. ಪುಸ್ತಕವನ್ನು ಹೇಗೆ ಓದಬೇಕೆಂಬ ಸೂಚನೆ ಅದು.

ಎಡವುವ ಜಾಗಗಳು ಮೂರು. ಒಂದು, ‘ಹೆಗ್ಗಡೆಯವರು’, ‘ಗೌಡರು’, ‘ಒಡೆಯರು’ ಅಂದಾಗ ಯಾರು ಎಂಬುದು ನಾವು ಆ ಹೊತ್ತಿಗೆ ಯಾವ ಮನೆಯ ಜಗಲಿಯಲ್ಲಿದ್ದೇವೆ ಎಂಬುದರ ಮೇಲೆ ನಿಲ್ಲುತ್ತದೆ. ಭರಮೈ ಹೆಗ್ಗಡೆ ಸಿಂಬಾವಿಯವರು, ಸುಬ್ಬಣ್ಣ ಹೆಗ್ಗಡೆ ಹಳೆಮನೆಯವರು. ಇಬ್ಬರನ್ನೂ ಒಬ್ಬರೇ ಎಂದುಕೊಂಡು ಮುಂದೆ ಹೋದವರಿಗೆ ಆಮೇಲೆ ಬರುವ ಮದುವೆ ಮಾತುಕತೆಯ ತಲೆಬುಡ ತಿಳಿಯುವುದಿಲ್ಲ. ಎರಡು, ಒಂದು ಮನೆಯ ಕತೆ ಹೇಳುತ್ತ ಹೇಳುತ್ತ ಅದನ್ನು ಅಲ್ಲೇ ಬಿಟ್ಟು ಲೇಖಕರು ಇನ್ನೊಂದು ಗುಡ್ಡ ಹತ್ತುತ್ತಾರೆ. ಬಿಟ್ಟ ಎಳೆ ಮತ್ತೆ ಸಿಗುವ ಹೊತ್ತಿಗೆ ಎಷ್ಟೋ ಪುಟ ಕಳೆದಿರುತ್ತದೆ. ನಡುವೆ ಒಂದು ವಾರ ಪುಸ್ತಕ ಮುಚ್ಚಿಟ್ಟವರಿಗೆ ಆಗ ಎಲ್ಲರೂ ಅಪರಿಚಿತರು. ಮೂರು, ದೊಡ್ಡ ಮನೆಯವರ ಹೆಸರನ್ನು ಮಾತ್ರ ನೆನಪಿಟ್ಟುಕೊಂಡು ಆಳುಗಳನ್ನು ಮರೆಯುವುದು. ಇದು ದೊಡ್ಡ ತಪ್ಪು. ಗುತ್ತಿ, ತಿಮ್ಮಿ, ಐತ, ಪೀಂಚಲು ಇವರೇ ಕತೆಯನ್ನು ಕಾಲಿನ ಮೇಲೆ ಹೊತ್ತು ಊರಿಂದ ಊರಿಗೆ ಒಯ್ಯುವವರು. ಒಡೆಯರು ಬಹುಪಾಲು ಕೂತಲ್ಲೇ ಇರುತ್ತಾರೆ.

ಇದಕ್ಕೆ ಮದ್ದು ಒಂದು ಹಾಳೆ. ಅರ್ಧ ಹಾಳೆಯೇ ಸಾಕು, ಪುಸ್ತಕದ ಹಿಂದಿನ ರಟ್ಟಿಗೆ ಸಿಕ್ಕಿಸಿಡಿ. ವ್ಯಕ್ತಿಗಳ ಪಟ್ಟಿ ಮಾಡಬೇಡಿ, ಅದು ಬೇಗ ಉದ್ದವಾಗಿ ಉಪಯೋಗಕ್ಕೆ ಬಾರದೆ ಹೋಗುತ್ತದೆ. ಮನೆಗಳ ಹೆಸರು ಬರೆದು, ಒಂದೊಂದರ ಕೆಳಗೆ ಮೂರು ಸಾಲು ಬಿಡಿ: ಒಡೆಯ, ಒಳಗಿನವರು, ಆಳುಗಳು. ಹೊಸ ಹೆಸರು ಬಂದ ಕೂಡಲೇ ಬರೆಯಬೇಡಿ, ಎರಡನೇ ಸಲ ಬಂದಾಗ ಬರೆಯಿರಿ. ಒಂದೇ ಸಲ ಬಂದು ಹೋಗುವವರು ಹೀಗೆ ಹೊರಗುಳಿಯುತ್ತಾರೆ. ಹಳೆಮನೆಯ ಸಾಲಿನಲ್ಲಿ ಮಾತ್ರ ತಿರುಪತಿಗೆ ಹೋದವನು ಹಿಂತಿರುಗಿಲ್ಲ ಎಂದು ಒಂದು ಗುರುತು ಹಾಕಿಕೊಳ್ಳಿ, ಮುಂದೆ ಬೇಕಾಗುತ್ತದೆ. ಕಾಲು ಭಾಗ ಮುಗಿಯುವಷ್ಟರಲ್ಲಿ ಆ ಹಾಳೆಯ ಕಡೆ ನೋಡುವುದನ್ನೇ ಬಿಟ್ಟಿರುತ್ತೀರಿ.

ಇಷ್ಟು ಪಾಡುಪಟ್ಟು ಓದಿದರೆ ಸಿಗುವುದೇನು? ಗುತ್ತಿ ತನ್ನ ನಾಯಿ ಹುಲಿಯನ ಜೊತೆ ಕಾಡಿನ ಹಾದಿಯಲ್ಲಿ ನಡೆಯುವ ಮೊದಲ ಪುಟಗಳನ್ನೇ ನೋಡಿ. ಕತೆಗೆ ಅವಸರವಿಲ್ಲ. ನಾಯಿ ಏನು ಮೂಸಿತು ಅನ್ನುವುದಕ್ಕೂ ಜಾಗವಿದೆ. ಹಳೆಮನೆಯ ಹೆಗ್ಗಡೆಗೆ ತನ್ನ ಹಂದಿಗಳ ಮೇಲಿರುವ ಅಕ್ಕರೆಗೂ ಮನುಷ್ಯರ ಸಂಕಟಕ್ಕೆ ಕೊಟ್ಟಷ್ಟೇ ಗಮನವನ್ನು ಕುವೆಂಪು ಕೊಡುತ್ತಾರೆ. ಕಾಲ 1893ರ ಸುಮಾರು, ವಿವೇಕಾನಂದರು ಷಿಕಾಗೋದಲ್ಲಿದ್ದ ಹೊತ್ತು. ಆ ಸುದ್ದಿಯೂ ಈ ಗುಡ್ಡಗಳ ಕತೆಗೆ ಬಂದು ಸೇರುತ್ತದೆ. ಜಾತಿ, ಜೀತ, ಮಿಷನ್ನಿನವರು, ಹೆಣ್ಣುಗಳ ಮದುವೆ, ಇದ್ಯಾವುದನ್ನೂ ಭಾಷಣ ಮಾಡದೆ ನಡೆದಾಡುವವರ ಕಣ್ಣಲ್ಲೇ ತೋರಿಸುವ ಕಸುಬು ನನಗೆ ಉಳಿದೆರಡರಲ್ಲಿ ಈ ಮಟ್ಟಕ್ಕೆ ಕಾಣಲಿಲ್ಲ.

‘ಕಾನೂರು ಹೆಗ್ಗಡಿತಿ’ ಶುರು ಮಾಡುವುದಕ್ಕೆ ಸುಲಭ. ಮೈಸೂರಿನಲ್ಲಿ ಓದುವ ಹೂವಯ್ಯ, ರಾಮಯ್ಯ ಊರಿಗೆ ಬರುತ್ತಾರೆ, ಕಾನೂರಿನಲ್ಲಿ ಚಂದ್ರಯ್ಯಗೌಡರಿದ್ದಾರೆ, ಮುತ್ತಳ್ಳಿಯಲ್ಲಿ ಸೀತೆಯಿದ್ದಾಳೆ. ಎರಡು ಮನೆ ಹಿಡಿದುಕೊಂಡರೆ ದಾರಿ ತಪ್ಪುವುದಿಲ್ಲ, ಹಾಳೆಯ ಗೊಡವೆಯಿಲ್ಲ. ಇದು ಬಂದದ್ದು 1936ರಲ್ಲಿ, ಮದುಮಗಳು 1967ರಲ್ಲಿ. ಆ 31 ವರ್ಷದ ಅಂತರ ಓದುವಾಗ ಗೊತ್ತಾಗುತ್ತದೆ. ಹೂವಯ್ಯನ ಆದರ್ಶದ ಯೋಚನೆಗಳು, ಸಂಸ್ಕೃತ ಸಮಾಸಗಳಿಂದ ತುಂಬಿದ ಸೂರ್ಯೋದಯಗಳು ಕತೆಯ ಕಾಲಿಗೆ ತೊಡರುತ್ತವೆ. ಸುಬ್ಬಮ್ಮ ಇರುವ ಪುಟಗಳು ಮಾತ್ರ ಈಗಲೂ ಬಿಸಿಯಾಗಿಯೇ ಇವೆ. ಗಿರೀಶ ಕಾರ್ನಾಡರ 1999ರ ಸಿನಿಮಾ ನೋಡುವುದಿದ್ದರೆ ಓದಿದ ಮೇಲೆ ನೋಡಿ.

‘ಪರ್ವ’ (1979) ಬೇರೆಯದೇ ಲೆಕ್ಕ. ಹೆಸರುಗಳು ನಮಗೆ ಮೊದಲೇ ಬಾಯಿಪಾಠ, ಅಷ್ಟರ ಮಟ್ಟಿಗೆ ಲಾಭ. ಮದ್ರದ ಮುದುಕ ಶಲ್ಯನಿಂದ ಶುರುವಾಗುತ್ತದೆ, ಆಮೇಲೆ ಕುಂತಿ, ಭೀಮ, ದ್ರೌಪದಿ, ಹೀಗೆ ಒಬ್ಬೊಬ್ಬರ ನೆನಪಿನೊಳಗೆ ಇಳಿಯುತ್ತದೆ. ಪವಾಡ ಒಂದೂ ಇಲ್ಲ. ಪಾಂಡವರು ಹುಟ್ಟಿದ್ದು ನಿಯೋಗದಿಂದ, ಅಂದರೆ ಗಂಡನ ಒಪ್ಪಿಗೆಯ ಮೇಲೆ ಬೇರೆ ಗಂಡಸಿನಿಂದ ಮಕ್ಕಳನ್ನು ಪಡೆಯುವ ಪದ್ಧತಿಯಿಂದ; ದೇವತೆಗಳೆಂದರೆ ಹಿಮಾಲಯದ ಒಂದು ಬುಡಕಟ್ಟಿನ ಗಂಡಸರು. ದಿನಾ ಗದುಗಿನ ಭಾರತ ಓದುವ ಹಿರಿಯರ ಹುಟ್ಟುಹಬ್ಬಕ್ಕೆ ಇದನ್ನು ಕೊಡುವ ಮೊದಲು ಎರಡು ಸಲ ಯೋಚಿಸಿ. ಗೊತ್ತಿರುವ ಪಾತ್ರಕ್ಕೆ ಗೊತ್ತಿಲ್ಲದ ಹೆಸರಿರುವುದೂ ಉಂಟು: ಹಿಡಿಂಬೆ ಇಲ್ಲಿ ಸಾಲಕಟಂಕಟಿ, ಸಾತ್ಯಕಿ ಯುಯುಧಾನ. ಅದು ದೊಡ್ಡ ತೊಂದರೆಯಲ್ಲ.

ತೊಂದರೆ ಕೊಡುವುದು ಅಧ್ಯಾಯದ ಉದ್ದ. ಯುದ್ಧಕ್ಕೆ ಮುಂಚಿನ ಈ ಹೊತ್ತು, ಅದರೊಳಗೆ ಹರೆಯದ ನೆನಪು, ಅದರೊಳಗೆ ಯಾರೋ ಹೇಳಿದ ಮತ್ತೊಂದು ಕಾಲದ ಮಾತು, ಎಲ್ಲ ಒಂದೇ ಹರಿವಿನಲ್ಲಿ ಬರುತ್ತದೆ. ನಡುವೆ ಪುಸ್ತಕ ಮುಚ್ಚಿದರೆ ಮಾರನೆಯ ದಿನ ಯಾವ ಪದರದಲ್ಲಿದ್ದೆವು ಎಂದು ನಾಲ್ಕು ಪುಟ ಹಿಂದಕ್ಕೆ ಹೋಗಬೇಕು. ಮೆಟ್ರೋದಲ್ಲಿ ಹದಿನೈದು ನಿಮಿಷ ಓದುವವರಿಗೆ ಇದು ಹೇಳಿ ಮಾಡಿಸಿದ ಪುಸ್ತಕವಲ್ಲ. ಎರಡು ಮೂರು ಗಂಟೆ ಒಟ್ಟಿಗೆ ಸಿಗುವ ರಜಾದಿನಕ್ಕೆ ಇಟ್ಟುಕೊಳ್ಳಿ, ಒಬ್ಬರ ಪಾಲು ಮುಗಿಯದೆ ಏಳಬೇಡಿ. ಮದುಮಗಳು ಇದಕ್ಕೆ ತದ್ವಿರುದ್ಧ. ಅಧ್ಯಾಯಗಳು ಹಿಡಿಯಷ್ಟು, ರಾತ್ರಿ ಮಲಗುವ ಮುಂಚೆ ಒಂದೋ ಎರಡೋ ಓದಿ ದೀಪ ಆರಿಸಬಹುದು. ದಿನಾ ಸ್ವಲ್ಪ ಸ್ವಲ್ಪ ಓದುವುದು ನನ್ನ ಅಭ್ಯಾಸ, ನನ್ನ ತೀರ್ಪಿನಲ್ಲಿ ಅದರ ಪಾಲೂ ಇದೆ.

ಕಾರಂತರ ‘ಮರಳಿ ಮಣ್ಣಿಗೆ’ ಯಾಕಿಲ್ಲ ಎನ್ನುವವರಿಗೆ: ಕರಾವಳಿಯ ಮೂರು ತಲೆಮಾರಿನ ಆ ಕತೆ ಯಾವ ಸಹಾಯವೂ ಬೇಡದೆ ಓದಿಸಿಕೊಳ್ಳುತ್ತದೆ, ಹೋಲಿಕೆಯಲ್ಲಿ ಹೇಳಲು ದೂರೇ ಇಲ್ಲ.

ಮದುಮಗಳನ್ನು ರಾತ್ರಿಯಿಡೀ ನಡೆಯುವ ನಾಟಕವಾಗಿ ನೋಡಿದವರಿಗೆ ಅರ್ಧ ಕೆಲಸ ಮುಗಿದಂತೆ. ಬಸವಲಿಂಗಯ್ಯನವರು ಮೈಸೂರಿನ ರಂಗಾಯಣಕ್ಕೆ 2010ರಲ್ಲಿ ಮಾಡಿಸಿದ್ದು. ಮುಖಗಳು ನೆನಪಿದ್ದರೆ ಹೆಸರುಗಳು ತಾವಾಗಿ ಅಂಟಿಕೊಳ್ಳುತ್ತವೆ. ಪರ್ವವೂ 2021ರಲ್ಲಿ ಅಲ್ಲೇ ರಂಗಕ್ಕೆ ಬಂತು. ಆದರೆ ನೆನಪಿನೊಳಗಿನ ನೆನಪು ಪುಸ್ತಕದಲ್ಲಿ ಓದಿದಾಗಲೇ ಸರಿಯಾಗಿ ಸಿಗುವುದು.

ಇನ್ನು ದುಡ್ಡಿನ ಮಾತು. ಮೂರೂ ದಪ್ಪ ಪುಸ್ತಕಗಳೇ, ಮೂರನ್ನೂ ಒಟ್ಟಿಗೆ ಕೊಳ್ಳುವ ಅಗತ್ಯವಿಲ್ಲ. ಪರ್ವವನ್ನು ಲೈಬ್ರರಿಯಿಂದ ತನ್ನಿ. ಒಂದೇ ಬೀಸಿನಲ್ಲಿ ಓದಿ ಹಿಂತಿರುಗಿಸುವ ಪುಸ್ತಕ ಅದು, ವಾಯಿದೆಯ ಒತ್ತಡವೂ ಒಳ್ಳೆಯದೇ. ಹೆಗ್ಗಡಿತಿ ಹಳೆ ಪುಸ್ತಕದ ಅಂಗಡಿಯಲ್ಲಿ ಸಿಕ್ಕರೆ ಸಾಕು. ಮದುಮಗಳನ್ನು ಮಾತ್ರ ಹೊಸದಾಗಿ ಕೊಳ್ಳಿ, ಅದಕ್ಕೆ ಮತ್ತೆ ಮತ್ತೆ ಮರಳುತ್ತೀರಿ. ಕೊಳ್ಳುವಾಗ ಬೆನ್ನು ನೋಡಿ. ಹೊಲಿಗೆ ಹಾಕಿದ್ದರೆ ಮೇಲಿನ ಅಂಚಿನಲ್ಲಿ ಸಣ್ಣ ಸಣ್ಣ ಕಂತೆಗಳು ಮಡಿಸಿದಂತೆ ಬೇರೆಬೇರೆ ಕಾಣುತ್ತವೆ. ಬರೀ ಅಂಟಿನದಾದರೆ ಅಂಚು ಸಪಾಟಾಗಿ ಒಂದೇ ಇಟ್ಟಿಗೆಯ ಹಾಗಿರುತ್ತದೆ. ಇಷ್ಟು ದಪ್ಪಕ್ಕೆ ಅಂಟು ತಡೆಯುವುದಿಲ್ಲ, ನಡುವೆ ಒತ್ತಿ ಬಿಡಿಸಿದರೆ ಅಲ್ಲೇ ಸೀಳುತ್ತದೆ. ಅಂಟಿನದೇ ಸಿಕ್ಕಿದರೆ ಮೊದಲ ದಿನ ಮುಂದಿನಿಂದ ಹತ್ತಿಪ್ಪತ್ತು ಹಾಳೆ, ಹಿಂದಿನಿಂದ ಹತ್ತಿಪ್ಪತ್ತು ಹಾಳೆ, ಹೀಗೆ ಸರದಿಯಲ್ಲಿ ಮೆಲ್ಲಗೆ ಒತ್ತುತ್ತ ನಡುವಿಗೆ ಬನ್ನಿ.

ಹಳೆ ಪ್ರತಿಯಾದರೆ ಪುಟಸಂಖ್ಯೆ ಸರಸರನೆ ಒಮ್ಮೆ ತಿರುವಿಹಾಕಿ. 16 ಪುಟದ ಒಂದು ಫಾರಂ, ಅಂದರೆ ಒಟ್ಟಿಗೆ ಅಚ್ಚಾಗಿ ಮಡಿಸಿದ ಒಂದು ಕಂತೆ, ಬಿಟ್ಟುಹೋಗಿರುವುದು, ಅದೇ ಫಾರಂ ಎರಡು ಸಲ ಸೇರಿರುವುದು ಹೊಸದಲ್ಲ. ಮದುಮಗಳಲ್ಲಿ ಇದು ನಡೆದಿದ್ದರೆ, ಲೇಖಕರೇ ಎಳೆ ಬಿಟ್ಟು ಬೇರೆ ಮನೆಗೆ ಹೋಗಿರಬೇಕು ಎಂದುಕೊಂಡು ಓದುತ್ತಲೇ ಇರುತ್ತೀರಿ.